ಬಾತ್‌ರೂಮಿನ ನಳ್ಳಿ ಯಾಕೆ ಬಿಟ್ಟಿರಿ?

ಸುರತ್ಕಲ್‌ನಿಂದ ಬಂದ ಪತ್ರ ಇದು. ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಎತ್ತಿಟ್ಟರೂ ಮತ್ತೆ ತೆಗೆದು ಓದುತ್ತಿದ್ದೇನೆ.

ಬರೆದವರಿಗೆ 27 ವರ್ಷ, ಮಗಳಿಗೆ ಐದು ತಿಂಗಳು. ಗಂಡ ದುಬೈಯಲ್ಲಿ. ಕುಂದಾಪುರದ ತವರಿನಲ್ಲಿ ಮೂರು ತಿಂಗಳ ಬಾಣಂತನ ಮುಗಿಸಿ ಬಂದ ಮೇಲೆ ಮನೆಯಲ್ಲಿ ಅತ್ತೆ, ಸೊಸೆ, ಮಗು, ಮೂವರೇ. ಲಸಿಕೆಗೆ ಹೋದಾಗ ಡಾಕ್ಟರ್ ಹತ್ತು ಪ್ರಶ್ನೆಯ ಹಾಳೆಯೊಂದನ್ನು ತುಂಬಿಸಿದರು. 14 ಅಂಕ ಬಂತು. ಪ್ರತಿ ಶನಿವಾರ ಆಸ್ಪತ್ರೆಯಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಸೇರುವ ಗುಂಪೊಂದಿದೆ, ಎಂಟು ವಾರ ಬನ್ನಿ ಅಂದರು. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸಿದ ಅತ್ತೆ, "ನಾವೆಲ್ಲ ಕ್ಲಾಸಿಗೆ ಹೋಗಿಯಾ ಮಕ್ಕಳನ್ನು ಸಾಕಿದ್ದು?" ಎಂದು ಕೇಳಿದರು. ಇವರು ಎರಡು ಶನಿವಾರ ಮಗುವಿನ ಬ್ಯಾಗ್ ತುಂಬಿಸಿ, ಚಪ್ಪಲಿ ಹಾಕಿ, ಗೇಟಿನವರೆಗೆ ಹೋಗಿ ವಾಪಸ್ ಬಂದಿದ್ದಾರೆ. "ನಾನು ಅಷ್ಟು ಕೆಟ್ಟ ತಾಯಿಯಾ? ಹೋಗಲೇಬೇಕಾ?" ಇದು ಅವರ ಪ್ರಶ್ನೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆಯಲ್ಲ. ಪತ್ರದ ಕೊನೆಗೆ, ಸಹಿ ಹಾಕಿದ ಮೇಲೆ, ಸಣ್ಣ ಅಕ್ಷರದಲ್ಲಿ ಒಂದೂವರೆ ಸಾಲು ಇದೆ. "ಮಗು ತುಂಬಾ ಅತ್ತರೆ ತೊಟ್ಟಿಲಲ್ಲಿ ಮಲಗಿಸಿ ಬಾತ್‌ರೂಮಿಗೆ ಹೋಗಿ ನಳ್ಳಿ ಬಿಟ್ಟು ಹತ್ತು ನಿಮಿಷ ನಿಲ್ಲುತ್ತೇನೆ. ಆಮೇಲೆ ಸರಿಯಾಗುತ್ತದೆ."

ಮೊದಲು ಒಂದು ಮಾತು. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಹೊರಗೆ ಬಂದದ್ದು ತಪ್ಪಲ್ಲ. ಕೈ ಸೋತಾಗ, ತಲೆ ಬಿಸಿಯಾದಾಗ ಮಕ್ಕಳ ಡಾಕ್ಟರುಗಳು ಹೇಳುವುದೂ ಅದನ್ನೇ: ಸುರಕ್ಷಿತ ಜಾಗದಲ್ಲಿ ಅಂಗಾತ ಮಲಗಿಸಿ, ಸ್ವಲ್ಪ ಹೊತ್ತು ದೂರ ಹೋಗಿ, ಮತ್ತೆ ಬನ್ನಿ. ಸಿಟ್ಟಿನಲ್ಲಿ ಎಳೆಮಗುವನ್ನು ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ನೀವು ಹಾಗೆ ಮಾಡಲಿಲ್ಲ. ನಿಮಗೆ ಯಾರೂ ಹೇಳಿಕೊಡದೆ ಸರಿಯಾದದ್ದನ್ನೇ ಮಾಡಿದಿರಿ.

ಆದರೆ ನಳ್ಳಿ ಯಾಕೆ ಬಿಟ್ಟಿರಿ? ಐದು ತಿಂಗಳ ಮಗುವಿನ ಅಳು ನಳ್ಳಿ ನೀರಿನ ಸದ್ದಿಗೆಲ್ಲ ಮುಚ್ಚಿಹೋಗುವುದಿಲ್ಲ. ಅದು ಮಗುವಿನ ಅಳು ನಿಮಗೆ ಕೇಳದಿರಲಿ ಎಂದಲ್ಲ. ನಿಮ್ಮ ಅಳು ಅತ್ತೆಗೆ ಕೇಳದಿರಲಿ ಎಂದು.

ನನಗೆ ಇದು ಹೇಗೆ ಗೊತ್ತು ಅಂದರೆ, ನಾನು ಮಿಕ್ಸಿ ಹಾಕುತ್ತಿದ್ದೆ. ಉಡುಪಿಯ ಬಾಡಿಗೆ ಮನೆ, ಮಗನಿಗೆ ನಾಲ್ಕು ತಿಂಗಳು. ಅಡುಗೆಮನೆ ಬಾಗಿಲು ಮುಚ್ಚಿ, ಖಾಲಿ ಜಾರ್ ಇಟ್ಟು ಮಿಕ್ಸಿ ತಿರುಗಿಸುವುದು, ಅಳುವುದು, ಮುಖ ತೊಳೆದು ಹೊರಗೆ ಬರುವುದು. ಪಕ್ಕದ ಮನೆಯವರು ಒಂದು ದಿನ, "ಏನು, ದಿನಾ ಚಟ್ನಿಯಾ?" ಅಂದರು. ಹೌದು ಅಂದೆ. ಮೂವತ್ತು ವರ್ಷ ಆಯ್ತು, ಆ "ಹೌದು" ಇವತ್ತಿಗೂ ಗಂಟಲಲ್ಲಿದೆ.

ಈಗ ಆ 14 ಅಂಕದ ವಿಷಯ. ನೀವು ಅದನ್ನು ತಾಯ್ತನದ ಪರೀಕ್ಷೆಯಲ್ಲಿ ಫೇಲ್ ಆದ ಹಾಗೆ ಬರೆದಿದ್ದೀರಿ. ಆ ಹಾಳೆ ಎಡಿನ್‌ಬರೋ ಮಾಪಕ ಇರಬೇಕು, ಹೆರಿಗೆಯ ನಂತರದ ಖಿನ್ನತೆ ಇರಬಹುದಾ ಎಂದು ನೋಡಲು ಬಳಸುವುದು. 1987ರಲ್ಲಿ ಪ್ರಕಟವಾದದ್ದು, ಒಟ್ಟು 30 ಅಂಕ. ಸಾಮಾನ್ಯವಾಗಿ 13 ಅಥವಾ ಜಾಸ್ತಿ ಬಂದರೆ ಡಾಕ್ಟರ್ ಕೂರಿಸಿ ವಿವರವಾಗಿ ಮಾತಾಡುತ್ತಾರೆ. ಅದು ಕೇಳುವುದು ಹಿಂದಿನ ಏಳು ದಿನದ ಬಗ್ಗೆ. ನಗು ಬಂತಾ, ಹೆದರಿಕೆ ಆಯಿತಾ, ಅಳು ಬಂತಾ, ನಿದ್ದೆ ಕೆಟ್ಟಿತಾ. ಹತ್ತರಲ್ಲಿ ಒಂದು ಪ್ರಶ್ನೆಯೂ ನೀವು ಮಗುವನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳುವುದಿಲ್ಲ. ನೀವು ಒಳ್ಳೆ ತಾಯಿಯೋ ಅಲ್ಲವೋ ಎಂದು ಹೇಳುವ ಶಕ್ತಿ ಆ ಹಾಳೆಗೆ ಇಲ್ಲವೇ ಇಲ್ಲ. ನಿಮಗೆ ಹುಷಾರಿಲ್ಲದಿರಬಹುದು, ಅಷ್ಟೇ ಅದು ಹೇಳಿದ್ದು.

ಹತ್ತನೆಯ ಪ್ರಶ್ನೆ ಮಾತ್ರ ಬೇರೆ. ನಿಮಗೇ ನೀವು ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಎಂಬುದು ಅದು. ಅದಕ್ಕೆ "ಇಲ್ಲವೇ ಇಲ್ಲ" ಎಂಬುದರ ಬದಲು ಬೇರೆ ಏನಾದರೂ ಗುರುತು ಹಾಕಿದ್ದರೆ, ಅಥವಾ ಮಗುವಿನ ಬಗ್ಗೆ ಅಂಥ ಯೋಚನೆ ಬಂದಿದ್ದರೆ, ಶನಿವಾರದವರೆಗೆ ಕಾಯಬೇಡಿ. ಇವತ್ತೇ ಡಾಕ್ಟರಿಗೆ ಹೇಳಿ. ರಾತ್ರಿಯಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯ ಮೇಲೆ ನಿಮಗೆ ಸಿಟ್ಟಿದೆ. ನನಗೆ ಬರುತ್ತಿಲ್ಲ. ಅವರು ಕ್ಲಾಸಿಗೆ ಹೋಗಿಯೇ ಮಕ್ಕಳನ್ನು ಸಾಕಿದ್ದು. ಜಗಲಿಯಲ್ಲಿ ಐದಾರು ಹೆಂಗಸರು ಬೀಡಿ ಕಟ್ಟುತ್ತಾ ಕೂತಿದ್ದಾಗ ಒಬ್ಬಳ ಮಗು ಇನ್ನೊಬ್ಬಳ ಕಾಲ ಮೇಲೆ ಇರುತ್ತಿತ್ತು. ಹಾಲು ಕಕ್ಕಿದರೆ ಏನು ಮಾಡಬೇಕು, ಗಂಡ ಕುಡಿದು ಬಂದರೆ ಏನು ಮಾಡಬೇಕು, ಎಲ್ಲ ಅಲ್ಲೇ ಕಲಿಯುತ್ತಿದ್ದರು. ಈ ಅಂಕಣ ಓದುವವರಿಗೆ ನನ್ನ ಈ ಹಟ ಗೊತ್ತು: ಒಬ್ಬಳೇ ಹೆಂಗಸು ಒಂದು ಮಗುವನ್ನು ಸಾಕುವ ಪದ್ಧತಿ ನಮ್ಮಲ್ಲಿ ಯಾವತ್ತೂ ಇರಲಿಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ, ಮದ್ದು ತಿನ್ನಿಸಿ, ಹಂಡೆ ನೀರು ಹೊಯ್ಯಲು ಜನ ಇರುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ಹೋಗುತ್ತಾರೆ. ಆಶಾ ಕಾರ್ಯಕರ್ತೆಯರು ನವಜಾತ ಶಿಶುವನ್ನು ನೋಡಲು ಬರುವ ಮೊದಲ ಸುತ್ತೂ 42ನೇ ದಿನಕ್ಕೆ ಮುಗಿಯುತ್ತದೆ. ನಿಮ್ಮ ಡಾಕ್ಟರ್ ಹೇಳುತ್ತಿರುವುದು ಆ ಜಗಲಿಯನ್ನೇ.

ಸ್ಕಾಟ್ಲೆಂಡಿನಲ್ಲಿ ಶುರುವಾದ ಮೆಲ್ಲೋ ಪೇರೆಂಟಿಂಗ್ ಎಂಬ ಕಾರ್ಯಕ್ರಮದಲ್ಲಿ 14 ವಾರ, ವಾರಕ್ಕೊಂದು ದಿನ ತಾಯಂದಿರು ಸೇರುತ್ತಾರೆ. ಬೆಳಿಗ್ಗೆ ತಮ್ಮ ಕಷ್ಟ ಮಾತಾಡುತ್ತಾರೆ, ಮಧ್ಯಾಹ್ನ ಮಕ್ಕಳ ಜೊತೆ ಕೂತು ಊಟ ಮಾಡುತ್ತಾರೆ. ಆಮೇಲೆ ತಾವು ಮಗುವಿನ ಜೊತೆ ಇರುವ ವಿಡಿಯೋ ನೋಡಿ, ಎಲ್ಲಿ ಚೆನ್ನಾಗಿ ಆಯಿತು ಎಂದು ಹುಡುಕುತ್ತಾರೆ. ಜಾರ್ಖಂಡ್, ಒಡಿಶಾ ಹಳ್ಳಿಗಳಲ್ಲಿ ಏಕಜುಟ್ ಸಂಸ್ಥೆ ತಿಂಗಳಿಗೊಮ್ಮೆ ಹೆಂಗಸರನ್ನು ಸುತ್ತ ಕೂರಿಸಿ ಕಥೆ, ಚಿತ್ರಗಳ ಮೂಲಕ ಮಾತಾಡಿಸಿತು. ಅದರ ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂರು ವರ್ಷದ ಆ ಅಧ್ಯಯನದ ಕೊನೆಯ ಎರಡು ವರ್ಷದಲ್ಲಿ, ಗುಂಪು ಇಲ್ಲದ ಹಳ್ಳಿಗಳಿಗಿಂತ ನವಜಾತ ಶಿಶುಗಳ ಸಾವು ಶೇಕಡಾ 45 ಕಡಿಮೆ. ಬೀಡಿ ಕಟ್ಟಿದ ಅತ್ತೆಗೆ ಇದನ್ನು ಹೇಳಿ ನೋಡಿ, ಅರ್ಥ ಆಗುತ್ತದೆ.

ನನಗೆ ಸಿಟ್ಟು ಬರುವುದು ನಿಮ್ಮ ಗಂಡನ ಮೇಲೆ. ಅವರ ಬಗ್ಗೆ ನೀವು ಒಂದೇ ಕಡೆ ಬರೆದಿದ್ದೀರಿ. ದಿನಾ ರಾತ್ರಿ ವಿಡಿಯೋ ಕಾಲ್ ಮಾಡಿ "ಮಗುವನ್ನು ತೋರಿಸು" ಅನ್ನುತ್ತಾರೆ, ಗುಂಪಿನ ವಿಷಯ ಎತ್ತಿದರೆ "ಅಮ್ಮ ಹೇಳಿದ ಹಾಗೆ ಮಾಡು" ಅನ್ನುತ್ತಾರೆ. ಫೋನ್ ಹಿಡಿದ ಕೈ ಯಾರದ್ದು ಎಂದು ಅವರು ಒಂದು ಸಲವೂ ನೋಡಿಲ್ಲ. ದುಬೈಯಿಂದ ತಾಯಿಗೆ ಒಂದು ಫೋನ್ ಮಾಡಿ, "ಶನಿವಾರ ಅವಳು ಹೋಗಲಿ ಅಮ್ಮ" ಎಂದರೆ ಮುಗಿಯುವ ವಿಷಯ ಇದು. ಈ ಪುಟವನ್ನು ಅವರಿಗೆ ಕಳುಹಿಸಿ. ನಾನೇ ಹೇಳುತ್ತಿದ್ದೇನೆ ಎಂದು ಹೇಳಿ.

ಅವರು ಫೋನ್ ಮಾಡಲಿ ಬಿಡಲಿ, ನೀವು ಹೋಗಬೇಕು. ಗೇಟಿನ ಹತ್ತಿರ ನಿಂತು ನಿರ್ಧಾರ ಮಾಡುವ ಕಷ್ಟ ನಿಮಗೆ ಬೇಡ. ಶುಕ್ರವಾರ ರಾತ್ರಿಯೇ ಪರಿಚಯದ ರಿಕ್ಷಾದವರಿಗೆ ಹೇಳಿಡಿ, ಬೆಳಿಗ್ಗೆ ಗೇಟಿನ ಮುಂದೆ ಬಂದು ಹಾರ್ನ್ ಹೊಡೆಯಲಿ. ಮೊದಲ ದಿನ ಏನೂ ಮಾತಾಡಬೇಕೆಂದಿಲ್ಲ. ಯಾರಾದರೂ ಕೇಳಿದರೆ ನಳ್ಳಿಯ ವಿಷಯ ಒಂದನ್ನು ಹೇಳಿ. ಆ ಚಾಪೆ ಮೇಲೆ ಕೂತವರಲ್ಲಿ ಮಿಕ್ಸಿ ಹಾಕುವವಳು ಒಬ್ಬಳಾದರೂ ಇರುತ್ತಾಳೆ.