ರಮಾಬಾಯಿ ಬಗ್ಗೆ ನೀವು ಕಳಿಸಿದ ಲೇಖನ: ಜಗಳಗಳೆಲ್ಲ ಎಲ್ಲಿ ಹೋದ್ವು?

ನಮಸ್ಕಾರ ಮೇಡಂ,

ಹೆಂಗಸರ ಓದಿಗೆ, ವಿಧವೆಯರಿಗೆ ಅಂತ ದುಡಿದ ಸಂಸ್ಕೃತ ವಿದ್ವಾಂಸೆ ಪಂಡಿತಾ ರಮಾಬಾಯಿ ಬಗ್ಗೆ ನೀವು ಕಳಿಸಿದ 'ಸುದೀರ್ಘ ಸಾರ್ಥಕ ಬದುಕು' ಓದಿದೆ. ಈಗಿರೋ ರೂಪದಲ್ಲಿ ನಮ್ಮ ಪತ್ರಿಕೇಲಿ ಹಾಕೋಕೆ ಆಗಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, 'ಪರಿಶೀಲನೆಯಲ್ಲಿದೆ' ಅಂತ ತಿಂಗಳುಗಟ್ಟಲೆ ಕಾಯಿಸೋದು ನಂಗಿಷ್ಟ ಇಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನಾಗೋಕೂ ಮನಸ್ಸಿಲ್ಲ, ಯಾಕಂದ್ರೆ ವಿಷಯ ತುಂಬಾ ಗಟ್ಟಿ ಇದೆ, ನೀವು ಕಾರ್ಕಳದ ಕಡೆಯವರು ಬೇರೆ, ಆಕೆ ಮನೆತನದ ಊರು ಮಾಳ ನಿಮಗೆ ಹತ್ರ, ಸಾಕಷ್ಟು ಓದ್ಕೊಂಡೂ ಇದೀರಿ ಅನ್ನೋದು ಅಲ್ಲಲ್ಲಿ ಇಣುಕುತ್ತೆ.

ತೊಂದ್ರೆ ಏನು ಅಂದ್ರೆ, ನೀವು ಆಕೆ ಬದುಕನ್ನ ನಾಲ್ಕು ಹೆಡಿಂಗ್ ಹಾಕಿ ನಾಲ್ಕು ತುಂಡು ಮಾಡಿದೀರಿ. ಕುಟುಂಬ, ಬರವಣಿಗೆ, ಚರ್ಚು, ಸಮಾಜಸೇವೆ. ಪ್ರತಿಯೊಂದರಲ್ಲೂ ಇಸವಿಗಳು, ಪ್ರತಿಯೊಂದರ ಕೊನೇಲೂ ಒಂದು ಹೊಗಳಿಕೆ. ಓದಿ ಮುಗಿಸಿದಾಗ ಸರ್ಕಲ್‌ನಲ್ಲಿ ಕಟ್ಟಿರೋ ಶ್ರದ್ಧಾಂಜಲಿ ಬ್ಯಾನರ್ ನೋಡಿದ ಹಾಗಾಯ್ತು, ಫೋಟೋ ಇದೆ, ಹೂವಿನ ಹಾರ ಇದೆ, ಮನುಷ್ಯರು ಮಾತ್ರ ಇಲ್ಲ. ಆಕೆ ಯಾರ ಜೊತೆನೂ ಒಂದೇ ಒಂದು ಸಲ ಜಗಳ ಆಡಿದ್ದು ನಿಮ್ಮ ಲೇಖನದಲ್ಲಿ ಬರಲ್ಲ. ರಮಾಬಾಯಿ ಬಗ್ಗೆ ಬರೆದು ಜಗಳ ಬಿಡೋದು ಅಂದ್ರೆ ಏನ್ ಹೇಳ್ಲಿ, ಆಕೆ ಪುಣೆಯ ಸನಾತನಿಗಳ ಜೊತೆ, ಸುಧಾರಕರ ಜೊತೆ, ಇಂಗ್ಲೆಂಡಿನ ಸಿಸ್ಟರ್‌ಗಳ ಜೊತೆ, ಬಿಷಪ್‌ಗಳ ಜೊತೆ, ಬ್ರಿಟಿಷ್ ಸರ್ಕಾರದ ಜೊತೆ, ಎಲ್ಲರ ಜೊತೆನೂ ತಕರಾರು ತೆಗೆದೋರು.

ಒಂದು ಉದಾಹರಣೆ ಕೊಡ್ತೀನಿ, ನಿಮ್ಮ ಹೆಡಿಂಗ್‌ಗಳು ಹೇಗೆ ಕೆಲಸ ಕೆಡಿಸಿವೆ ಅಂತ ಗೊತ್ತಾಗ್ಲಿ. ಕುಟುಂಬದ ಭಾಗದಲ್ಲಿ ಬರೆದಿದೀರಿ: ತಂದೆ ಅನಂತ ಶಾಸ್ತ್ರಿ ಡೋಂಗ್ರೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ರು, ಮುಂದೆ ಮನೇಲಿದ್ದ ಶಿಷ್ಯರಿಗೆ ಆಕೆನೂ ಪಾಠ ಹೇಳ್ತಿದ್ರು. ಸರಿ. ಚರ್ಚಿನ ಭಾಗದಲ್ಲಿ ಒಂದೇ ಸಾಲು: '1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು ಪ್ರಭುವಿನ ಸೇವೆಗೆ ತಮ್ಮನ್ನು ಅರ್ಪಿಸಿಕೊಂಡರು.' ಮುಗೀತು! ಅಲ್ಲಿ ನಿಜಕ್ಕೂ ಆಗಿದ್ದೇನು? ಸಿಸ್ಟರ್‌ಗಳ ಮಠ ಇದ್ದ ವಾಂಟೇಜ್ ಊರಲ್ಲಿ ದೀಕ್ಷಾಸ್ನಾನ ಆಗಿ ಕ್ರೈಸ್ತೆ ಆದ್ಮೇಲೆ ಆಕೆ ಚೆಲ್ಟನ್‌ಹ್ಯಾಮ್‌ನ ಹೆಣ್ಮಕ್ಕಳ ಕಾಲೇಜಿಗೆ ಹೋದ್ರು, ಅಲ್ಲಿ ಗಂಡು ಹುಡುಗರಿಗೂ ಪಾಠ ಹೇಳೋ ಮಾತು ಬಂತು, ಬಿಷಪ್‌ಗಳು ಅದೆಲ್ಲ ಆಗಲ್ಲ ಅಂದ್ರು. ಅದಕ್ಕೆ ರಮಾಬಾಯಿ ಕಾಗದ ಬರೆದ್ರು: ನನ್ನಮ್ಮ ಆಗ್ಲಿ ನಾನಾಗ್ಲಿ ಗಂಡಸರಿಗೆ ಪಾಠ ಹೇಳಿದಾಗ ನನ್ನಪ್ಪನೂ ಬೇಡ ಅನ್ನಲಿಲ್ಲ, ನನ್ನ ಗಂಡನೂ ಬೇಡ ಅನ್ನಲಿಲ್ಲ, ಇಂಗ್ಲಿಷಿನವರಿಗೆ ಏನು ತೊಂದ್ರೆ ಅನ್ನೋ ಅರ್ಥದಲ್ಲಿ. ನೋಡಿ ಮೇಡಂ, ಆಕೆ ಹುಟ್ಟಿದ ಗಂಗಾಮೂಲದ ಕಾಡಲ್ಲಿ ಅಮ್ಮ ಪಾಠ ಹೇಳಿದ್ದು ಇಂಗ್ಲೆಂಡಿನ ಬಿಷಪ್‌ಗೆ ಕೊಡೋ ಉತ್ತರ ಆಗಿ ಬರ್ತಿದೆ. ನೀವು ಅಮ್ಮನ ಕತೆನ ಒಂದು ಪೆಟ್ಟಿಗೇಲಿ, ಬಿಷಪ್‌ನ ಇನ್ನೊಂದು ಪೆಟ್ಟಿಗೇಲಿ ಇಟ್ಟು, ಅದರಲ್ಲೂ ಬಿಷಪ್‌ನ ಹೊರಗೇ ಬಿಟ್ಟು ಬೀಗ ಹಾಕಿದೀರಿ.

ಚರ್ಚಿನ ಭಾಗ ನೀವು ಯಾಕೆ ಒಂದು ಸಾಲಲ್ಲಿ ಮುಗಿಸಿದ್ರಿ ಅಂತ ನನಗೆ ಅಂದಾಜಿದೆ. ಮತಾಂತರ ಅಂದ ಕೂಡ್ಲೇ ಒಂದು ಕಡೆಯೋರು ಬೈತಾರೆ, ಚರ್ಚನ್ನ ಪ್ರಶ್ನೆ ಮಾಡಿದ್ರು ಅಂತ ಬರೆದ್ರೆ ಇನ್ನೊಂದು ಕಡೆಯೋರು ಬೇಜಾರಾಗ್ತಾರೆ, ಅದಕ್ಕೆ ಇಬ್ಬರಿಗೂ ಹೆದರಿ ಮಧ್ಯದಲ್ಲಿ ದಾಟಿಬಿಟ್ರಿ. ಆಕೆ ಇಬ್ಬರಿಗೂ ಹೆದರಲಿಲ್ಲ. ಒಬ್ಬ ಪುರೋಹಿತವರ್ಗದ ನೊಗ ಕಷ್ಟಪಟ್ಟು ಇಳಿಸಿ ಬಂದಿದೀನಿ, ಇನ್ನೊಂದನ್ನ ಹೆಗಲ ಮೇಲೆ ಹೊರಲ್ಲ ಅಂತ ತನ್ನನ್ನ ಕ್ರೈಸ್ತ ಧರ್ಮಕ್ಕೆ ಕರ್ಕೊಂಡ ಸಿಸ್ಟರ್ ಜೆರಾಲ್ಡೀನ್‌ಗೇ ಬರೆದ್ರು. ತ್ರಿಯೇಕತ್ವದ ಬಗ್ಗೆ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋ ನಂಬಿಕೆ) ವಾದ, ಮಗಳು ಮನೋರಮಾಗೆ ಏನು ಕಲಿಸಬೇಕು ಏನು ಕಲಿಸಬಾರ್ದು ಅಂತ ವಾದ, ಮೊಟ್ಟೆ ಹಾಕಿದ ಪುಡ್ಡಿಂಗ್ ತಿನ್ನಲ್ಲ ಅಂತ ಕೂಡ ವಾದ! ಆಕೆ ಕ್ರೈಸ್ತೆ ಆದ್ಮೇಲೂ ಸಸ್ಯಾಹಾರಿನೇ, ಸಿಸ್ಟರ್‌ಗೆ ಅದರಲ್ಲಿ ಹಳೇ ಜಾತಿ ಹೆಮ್ಮೆ ಕಂಡಿತು. ಈ ಪುಡ್ಡಿಂಗ್ ವಿಷಯ ಚಿಕ್ಕದು ಅಂತ ಬಿಡಬೇಡಿ, ಕಾಲು ಪುಟ ಕೊಡಿ, ಓದುಗರಿಗೆ ಆಕೆ ಯಾವ ಥರದ ಹೆಂಗಸು ಅಂತ ಗೊತ್ತಾಗೋದು ಇಂಥದ್ದರಲ್ಲೇ. ಅದೇ ವಾಂಟೇಜ್‌ನಲ್ಲಿ, ದೀಕ್ಷಾಸ್ನಾನಕ್ಕೆ ಮುಂಚೆ, ಜೊತೇಲಿ ಹೋಗಿದ್ದ ಆನಂದೀಬಾಯಿ ಭಗತ್ ಆತ್ಮಹತ್ಯೆ ಮಾಡ್ಕೊಂಡ್ರು. ನೀವು ಅದನ್ನೂ ಬಿಟ್ಟಿದೀರಿ. ಕಷ್ಟದ ವಿಷಯ, ಗೊತ್ತು, ಕಾರಣ ನೀವು ಊಹೆ ಮಾಡಿ ಬರೀಬೇಡಿ, ಆದ್ರೆ ಆಗಿದ್ದನ್ನ ಹೇಳ್ದೆ ದೀಕ್ಷಾಸ್ನಾನದ ದಿನವನ್ನ ಬರೀ ಬೆಳಕು, ಶಾಂತಿ ಅಂತ ಬರೆದ್ರೆ ಅದು ಸುಳ್ಳಾಗುತ್ತೆ.

ರಮಾಬಾಯಿ ಇಂಗ್ಲೆಂಡಿಗೆ ಹೋಗಿದ್ದು ಡಾಕ್ಟರ್ ಆಗೋಕೆ, ಕಿವಿ ಸರಿಯಾಗಿ ಕೇಳಿಸದೆ ಆ ಆಸೆ ಬಿಟ್ಟಿದ್ದು. ಇದೂ ಇಲ್ಲ ನಿಮ್ಮಲ್ಲಿ. ಯಾಕೆ ಡಾಕ್ಟರ್? ಒಂದು ವರ್ಷ ಹಿಂದೆ, 1882ರಲ್ಲಿ, ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗ ಹಂಟರ್ ಕಮಿಷನ್ ಮುಂದೆ ನಮ್ಮ ಹೆಂಗಸರು ಗಂಡು ಡಾಕ್ಟರ್ ಹತ್ರ ಹೋಗೋಕೆ ನಾಚಿಕೊಂಡು ಸಾಯ್ತಿದಾರೆ, ಹೆಣ್ಣು ಡಾಕ್ಟರ್‌ಗಳು ಬೇಕು ಅಂತ ವಾದ ಮಾಡಿ ಬಂದಿದ್ರಲ್ಲ, ಅದಕ್ಕೆ. ಅಷ್ಟೊತ್ತಿಗೆ ಗಂಡ ಬಿಪಿನ್ ಬಿಹಾರಿ ಮೇಧಾವಿ ಕಾಲರಾದಲ್ಲಿ ತೀರಿಹೋಗಿ ಕೈಯಲ್ಲಿ ಹಸುಗೂಸು.

ಬರವಣಿಗೆ ಭಾಗದಲ್ಲಿ ನೀವು ಪುಸ್ತಕಗಳ ಪಟ್ಟಿ ಕೊಟ್ಟಿದೀರಿ, ಪಟ್ಟಿ ಬೇಡ. 1882ರ 'ಸ್ತ್ರೀ ಧರ್ಮ ನೀತಿ' ಒಳ್ಳೇ ಗೃಹಿಣಿ ಹೇಗಿರಬೇಕು ಅಂತ ಬುದ್ಧಿ ಹೇಳೋ ಪುಸ್ತಕ, ಇಂಗ್ಲೆಂಡಿಗೆ ಹೋಗೋ ಹಡಗಿನ ಖರ್ಚಿಗೆ ಆಗಿದ್ದೂ ಅದರ ದುಡ್ಡೇ. ಐದೇ ವರ್ಷಕ್ಕೆ, 1887ರಲ್ಲಿ, ಅಮೆರಿಕದಲ್ಲಿ ಕೂತು ಬರೆದ 'ದಿ ಹೈ ಕಾಸ್ಟ್ ಹಿಂದೂ ವುಮನ್'ನಲ್ಲಿ ಅದೇ ಹೆಂಗಸು ಮನುಸ್ಮೃತಿನ ಎಳೆದು ತಂದು ಕಟಕಟೇಲಿ ನಿಲ್ಲಿಸ್ತಾರೆ. ಈ ಐದು ವರ್ಷದಲ್ಲಿ ಏನಾಯ್ತು ಅನ್ನೋದೇ ನಿಮ್ಮ ಲೇಖನದ ಹೊಟ್ಟೆ ಆಗಬೇಕಿತ್ತು. ಆ ಪುಸ್ತಕದಲ್ಲಿ ಒಂದು ಮದುವೆ ಕತೆ ಬರುತ್ತೆ: ತೀರ್ಥಯಾತ್ರೆಗೆ ಬಂದ ಒಬ್ಬ ಬ್ರಾಹ್ಮಣ ಗೋದಾವರಿಯಲ್ಲಿ ಸ್ನಾನಕ್ಕೆ ಬಂದ ಅಪರಿಚಿತನ ಕುಲ ಗೋತ್ರ ವಿಚಾರಿಸಿ, ತನ್ನ ಒಂಬತ್ತು ವರ್ಷದ ಮಗಳನ್ನ ಮಾರನೇ ದಿನವೇ ಅವನಿಗೆ ಧಾರೆ ಎರೆದು ಕೊಟ್ಟು ಹೊರಟೇ ಹೋಗ್ತಾನೆ. ಅದು ಆಕೆಯ ಅಪ್ಪ ಅಮ್ಮನದೇ ಮದುವೆ. ನಮ್ಮ ಮನೆ ಕತೆ ಅಂತ ಅಲ್ಲಿ ಹೇಳ್ಕೊಳ್ದೆ ಬರೀತಾರೆ. ಈಗ ಹೇಳಿ, ಇದು ಕುಟುಂಬದ ಹೆಡಿಂಗ್ ಕೆಳಗೆ ಬರಬೇಕಾ ಬರವಣಿಗೆದಾ?

ಆ ಪುಸ್ತಕ, ಅಮೆರಿಕದ ಭಾಷಣಗಳಿಂದಾನೇ ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಶುರುವಾಗಿ ಹತ್ತು ವರ್ಷ ದುಡ್ಡು ಕೊಡ್ತೀವಿ ಅಂದಿದ್ದು, 1889ರ ಮಾರ್ಚಲ್ಲಿ ಮುಂಬೈಯಲ್ಲಿ ವಿಧವೆಯರ ಶಾಲೆ ಶಾರದಾ ಸದನ ಬಾಗಿಲು ತೆಗೆದಿದ್ದು. ಮೊದಲ ವಿದ್ಯಾರ್ಥಿಗಳಲ್ಲಿ ಗೋದೂಬಾಯಿ ಅನ್ನೋ ವಿಧವೆ ಇದ್ರು, ಅವರನ್ನೇ ಮುಂದೆ 1893ರಲ್ಲಿ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಮದುವೆ ಆಗಿದ್ದು. ಅದೇ ವರ್ಷ ಸದನದ ದೊಡ್ಡ ಗಲಾಟೆನೂ ಆಯ್ತು. ಶಾಲೇಲಿ ಧರ್ಮ ಹೇಳಿಕೊಡಬಾರ್ದು ಅನ್ನೋದು ಷರತ್ತು. ರಮಾಬಾಯಿ ತಮ್ಮ ರೂಮಲ್ಲಿ ಬಾಗಿಲು ತೆಗೆದಿಟ್ಟು ಪ್ರಾರ್ಥನೆ ಮಾಡೋರು, ಹುಡುಗಿಯರು ಬಂದು ಕೂರೋರು, ಹೋಗಿ ಅಂತ ಆಕೆ ಓಡಿಸ್ತಿರಲಿಲ್ಲ. ತಿಲಕರ 'ಕೇಸರಿ' ಪತ್ರಿಕೆ ಹರಿಹಾಯ್ತು, ಬೆಂಬಲಕ್ಕಿದ್ದ ಸುಧಾರಕರು ರಾನಡೆ, ಭಂಡಾರ್ಕರ್ ಸಲಹಾ ಮಂಡಳಿ ಬಿಟ್ರು, ಎಷ್ಟೋ ಮನೆಯೋರು ಹುಡುಗಿಯರನ್ನ ವಾಪಸ್ ಕರ್ಕೊಂಡು ಹೋದ್ರು. ಇಲ್ಲಿ ನೀವು ಯಾರ ಪರ? ಆ ಅಪ್ಪ ಅಮ್ಮಂದಿರ ಭಯದಲ್ಲೂ ಅರ್ಥ ಇತ್ತು, ತೆಗೆದ ಬಾಗಿಲಲ್ಲೂ ಅರ್ಥ ಇತ್ತು, ಎರಡನ್ನೂ ಬರೀರಿ, ಆಮೇಲೆ ಬೇಕಾದ್ರೆ ನಿಮ್ಮ ಅಭಿಪ್ರಾಯ ಹೇಳಿ. ನಿಮ್ಮ ಲೇಖನದಲ್ಲಿ ಇದು 'ಅನೇಕ ಅಡೆತಡೆಗಳನ್ನು ಮೆಟ್ಟಿ ನಿಂತರು' ಅಂತ ಆಗಿದೆ. ಈ ಥರದ ವಾಕ್ಯ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಿಲ್ಲಿ, ಯಾವ ಅಡೆತಡೆ, ಯಾರು ಹಾಕಿದ್ದು ಅಂತ ಕೇಳ್ಕೊಳಿ.

'ಸಮಾಜಸೇವೆ' ಅನ್ನೋದೂ ಹಾಗೇ. 1896-97ರ ಬರದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ಹುಡುಗಿಯರನ್ನ ಕರ್ಕೊಂಡು ಬಂದ್ರು, ಪುಣೆ ಹತ್ರ ಕೇಡಗಾಂವ್‌ನಲ್ಲಿ ದಿಕ್ಕಿಲ್ಲದ ಹೆಣ್ಮಕ್ಕಳ ಆಶ್ರಯ ಮುಕ್ತಿ ಸದನ ಬೆಳೀತು, 1900ರ ಹೊತ್ತಿಗೆ ಅಲ್ಲಿ ಸುಮಾರು 1500 ಜನ, ನೂರಕ್ಕೂ ಹೆಚ್ಚು ದನ. ಅಷ್ಟು ಜನಕ್ಕೆ ಬಾವಿ ತೋಡಿಸಬೇಕು, ಅಡುಗೆ ಆಗಬೇಕು, ನೇಯ್ಗೆ, ಗಾಣ, ಪ್ರಿಂಟಿಂಗ್ ಪ್ರೆಸ್, ಕುರುಡು ಹೆಣ್ಮಕ್ಕಳಿಗೆ ಬ್ರೈಲ್. ಅಮ್ಮ ಅಪ್ಪ ಅಕ್ಕ ಮೂವರೂ ಹಿಂದಿನ ಒಂದು ಬರದಲ್ಲಿ ಹಸಿವಿಂದ ಸತ್ತಿದ್ದನ್ನ ಕಣ್ಣಾರೆ ಕಂಡ ಹೆಂಗಸು ಇದನ್ನೆಲ್ಲ ನಡೆಸ್ತಿದ್ರು ಅನ್ನೋದನ್ನ ಪಕ್ಕಪಕ್ಕದಲ್ಲಿ ಇಡಿ ಸಾಕು, 'ಕರುಣಾಮಯಿ' ಅಂತ ಬರೆಯೋ ಅಗತ್ಯನೇ ಬೀಳಲ್ಲ. (ನಿಮ್ಮ ಲೇಖನದಲ್ಲಿ ಆ ಪದ ವಿಪರೀತ ಬಂದಿದೆ.) ಪ್ಲೇಗ್ ಸಮಯದಲ್ಲಿ ಪುಣೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರನ್ನ ನಡೆಸ್ಕೊಳೋ ರೀತಿ ಬಗ್ಗೆ ಪೇಪರಿಗೆ ಕಾಗದ ಬರೆದು ಗಲಾಟೆ ಎಬ್ಬಿಸಿದ್ದೂ ಸೇರಿಸಿ, ಇಂಗ್ಲಿಷರು ದತ್ತು ತಗೊಂಡ ಹೆಂಗಸು ಅಂತ ಅಂದ್ಕೊಂಡಿರೋರಿಗೆ ಅದು ಗೊತ್ತಾಗ್ಲಿ.

ಈಗ ನಿಮ್ಮ ಶುರು. 'ಸಹ್ಯಾದ್ರಿಯ ಮಡಿಲಲ್ಲಿ ಅರಳಿದ ಕಾಡುಮಲ್ಲಿಗೆ' ಅನ್ನೋ ಮೊದಲ ಮೂರು ಪ್ಯಾರಾ ಪೂರ್ತಿ ತೆಗೆದುಬಿಡಿ. ಆಕೆನೇ ಕೊಟ್ಟಿರೋ ಒಳ್ಳೇ ಶುರು ಇದೆ: ಯಾತ್ರಿಕರಿಗೂ ಶಿಷ್ಯರಿಗೂ ಅನ್ನ ಹಾಕಿ ಹಾಕಿ ಅಪ್ಪನ ಆಸ್ತಿ ಕರಗಿಹೋಯ್ತು, ಆರು ತಿಂಗಳ ಕೂಸನ್ನ ಬೆತ್ತದ ಪೆಟ್ಟಿಗೇಲಿ ಮಲಗಿಸಿ ಬೆಟ್ಟ ಇಳಿಸಿದ್ರು, ಆವತ್ತಿಂದ ಅಲೆದಾಟ. ಇದಕ್ಕಿಂತ ಚೆನ್ನಾಗಿ ನೀವಾಗ್ಲಿ ನಾನಾಗ್ಲಿ ಬರೆಯೋಕೆ ಆಗಲ್ಲ. ಹಾಗೇ, ಲಕ್ಷ್ಮೀಬಾಯಿ ಮಗಳಿಗೆ ಬೆಳಗಿನ ಜಾವ ಪಾಠ ಹೇಳೋ ಜಾಗದಲ್ಲಿ ಅರ್ಧ ಪುಟ ಸಂಭಾಷಣೆ ಬರೆದಿದೀರಲ್ಲ, 'ಮಗಳೇ, ನೀನು ಜಗತ್ತನ್ನು ಬೆಳಗಬೇಕು' ಅಂತ, ಅದು ಎಲ್ಲಿಂದ ಬಂತು? ನೀವೇ ಕಟ್ಟಿದ್ದಾದ್ರೆ ತೆಗೀರಿ. ಕಾದಂಬರಿ ಬರೀತೀರಾದ್ರೆ ಬೇರೆ ಮಾತು, ಜೀವನಚಿತ್ರ ಅಂತ ಕಳಿಸಿ ಸತ್ತೋರ ಬಾಯಲ್ಲಿ ಡೈಲಾಗ್ ಹಾಕಬಾರ್ದು. ಉಡುಪಿಯ ವಿದ್ವಾಂಸರ ಸಭೆಗೆ ಅನಂತ ಶಾಸ್ತ್ರಿಗಳು ಹೋಗಿ ಹೆಂಗಸಿಗೆ ಸಂಸ್ಕೃತ ಕಲಿಸೋದು ಶಾಸ್ತ್ರಕ್ಕೆ ವಿರುದ್ಧ ಅಲ್ಲ ಅಂತ ಸಮರ್ಥಿಸ್ಕೊಂಡಿದ್ದು ನಿಮಗೆ ಪಕ್ಕದ ಊರಿನ ವಿಷಯ, ಅದನ್ನ ಒಂದೂವರೆ ಸಾಲಲ್ಲಿ ಮುಗಿಸಿ ಇಲ್ಲದ ಸಂಭಾಷಣೆಗೆ ಅರ್ಧ ಪುಟ ಕೊಟ್ಟಿದೀರಿ, ನನಗಂತೂ ಹೊಟ್ಟೆ ಉರೀತು.

'ನಮ್ಮ ಕನ್ನಡತಿ' ಅಂತ ಪದೇಪದೇ ಬರೆದಿದೀರಿ. ಹೆಮ್ಮೆ ಇರ್ಲಿ, ಆದ್ರೆ ಆಕೆ ಮಾಳದ ಚಿತ್ಪಾವನ ಬ್ರಾಹ್ಮಣ ಮನೆತನದ ಮಗು, ಬರೆದಿದ್ದು ಮರಾಠಿ, ಇಂಗ್ಲಿಷಲ್ಲಿ, ಬೈಬಲನ್ನ ಹೀಬ್ರೂ ಗ್ರೀಕ್ ಕಲಿತು ಹಳ್ಳಿ ಹೆಂಗಸರಿಗೂ ತಿಳಿಯೋ ಮರಾಠಿಗೆ ತಂದಿದ್ದು, ಅದು ಪೂರ್ತಿ ಅಚ್ಚಾಗಿ ಬಂದಿದ್ದು ಆಕೆ ಹೋದ್ಮೇಲೆ. ಹುಟ್ಟಿದ ಕಾಡು ನಮ್ಮದು, ಕಲಬುರಗಿಯಲ್ಲಿ ಆಕೆಯ ಶಾಲೆ ಇತ್ತು, ಇಷ್ಟು ಸಂಬಂಧ ನಿಜ, ಇಷ್ಟೇ ಹೇಳಿ.

ಕೊನೆಗೆ ಆ ಟೈಟಲ್. 1858ರ ಏಪ್ರಿಲ್ 23ಕ್ಕೆ ಹುಟ್ಟಿ 1922ರ ಏಪ್ರಿಲ್ 5ಕ್ಕೆ ತೀರಿಕೊಂಡ್ರು, 64 ತುಂಬೋಕೆ ಹದಿನೆಂಟು ದಿನ ಬಾಕಿ ಇತ್ತು. ವರ್ಷದ ಲೆಕ್ಕದಲ್ಲಿ ಅದನ್ನ ಸುದೀರ್ಘ ಅನ್ನೋದು ಕಷ್ಟ. ಆದ್ರೆ ಅಪ್ಪ, ಅಮ್ಮ, ಅಕ್ಕ, ಅಣ್ಣ ಶ್ರೀನಿವಾಸ, ಗಂಡ, ಕೊನೆಗೆ 1921ರ ಜುಲೈಯಲ್ಲಿ ನಲವತ್ತರ ಮಗಳು ಮನೋರಮಾ, ಎಲ್ಲರನ್ನೂ ಕಳಿಸಿ ಉಳಿದೋರಿಗೆ ಅದು ದೀರ್ಘನೇ ಇದ್ದಿರಬಹುದು. ಈ ಅರ್ಥದಲ್ಲಿ ಬೇಕಾದ್ರೆ ಟೈಟಲ್ ಇಟ್ಕೊಳಿ, 'ಸಾರ್ಥಕ' ಮಾತ್ರ ತೆಗೀರಿ.

ಹೆಡಿಂಗ್ ಇಲ್ದೆ, ಒಂದೇ ಉಸಿರಲ್ಲಿ, 1882ರಿಂದ 1893ರವರೆಗಿನ ಹನ್ನೊಂದು ವರ್ಷಕ್ಕೆ ಮುಕ್ಕಾಲು ಜಾಗ ಕೊಟ್ಟು ಮತ್ತೆ ಬರೆದು ಕಳಿಸಿ, ಎರಡು ಸಾವಿರ ಪದ ಮೀರಬೇಡಿ. ಮಾಳದ ಕಡೆ ಹೋಗಿ ಬಂದ್ರೆ ನೋಡಿದ್ದನ್ನ ಬೇರೆ ಟಿಪ್ಪಣಿಯಾಗಿ ಕಳಿಸಿ, ಲೇಖನದೊಳಗೆ ತುರುಕಬೇಡಿ. ಮತ್ತೆ ಆ ಪಾಸ್‌ಪೋರ್ಟ್ ಸೈಜ್ ಫೋಟೋ ಈ ಸಲ ಬೇಡ, ಲೇಖನ ಒಪ್ಪಿಗೆ ಆದ್ಮೇಲೆ ಕೇಳ್ತೀವಿ.