ನಿಮ್ಮ ಮಗ ಯಾರ ಕೈಗೂ ಹೋಗಲ್ಲ ಅಂದಿದ್ದೀರಲ್ಲ, ಅದಕ್ಕೆ

ಎಂಟು ತಿಂಗಳ ಮಗ ನೀವು, ನಿಮ್ಮ ಯಜಮಾನರು, ನಿಮ್ಮ ಅಮ್ಮ ಬಿಟ್ಟರೆ ಯಾರ ಕೈಗೂ ಹೋಗಲ್ಲ, ಮಿಕ್ಸಿ ಸದ್ದಿಗೆ ಬೆಚ್ಚಿಬೀಳುತ್ತಾನೆ ಎಂದು ಬರೆದಿದ್ದೀರಿ. ಅಕ್ಕನ ಮಗು ಎಲ್ಲರ ಹತ್ತಿರ ನಗುನಗುತ್ತಾ ಹೋಗುತ್ತದಂತೆ. "ನೀನೇ ಎತ್ತಿ ಎತ್ತಿ ರೂಢಿ ಮಾಡಿಸಿದ್ದೀಯ" ಅಂತ ಅತ್ತೆಯವರ ಮಾತು. ಮುಂದಿನ ವಾರ ನಾದಿನಿಯ ಮದುವೆ ಬೇರೆ.

ಎತ್ತಿಕೊಂಡಿದ್ದಕ್ಕೆ ಹೀಗಾಗಿದ್ದಲ್ಲ. ಈ ವಯಸ್ಸಿಗೆ ಹೊಸ ಮುಖ ಕಂಡರೆ ಅಳುವ ಮಕ್ಕಳು ಬೇಕಾದಷ್ಟು. ನಮ್ಮವರು ಯಾರು, ಹೊರಗಿನವರು ಯಾರು ಅಂತ ಆಗಷ್ಟೇ ಗೊತ್ತಾಗುತ್ತಿರುತ್ತದೆ. ಅದರ ಮೇಲೆ ಅವನ ಜಾಯಮಾನ.

ನನಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರಿಗೂ ಎಣ್ಣೆ ಹಚ್ಚಿ ಎರೆದದ್ದು ನಮ್ಮ ಅಮ್ಮನೇ. ಚಿಕ್ಕವಳು ಕಾಲ ಮೇಲೆ ಮಲಗಿಸಿ ನೀರು ಹುಯ್ಯುತ್ತಿದ್ದರೆ ಹಾಗೇ ನಿದ್ದೆ ಹೋಗುತ್ತಿದ್ದಳು. ದೊಡ್ಡವಳ ಸ್ನಾನ ಅಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಕೊನೆಗೆ ನೀರಿನ ಬಿಸಿ ಕಡಿಮೆ ಮಾಡಿ, ಚೊಂಬಿನಲ್ಲಿ ಎತ್ತರದಿಂದ ಹುಯ್ಯುವುದು ಬಿಟ್ಟು, ಕೈಯಲ್ಲೇ ಸ್ವಲ್ಪ ಸ್ವಲ್ಪ ಹಾಕಿದೆವು. ಹದಿನೈದು ದಿನದಲ್ಲಿ ಗಲಾಟೆ ಅರ್ಧ ಇಳಿಯಿತು. ಅಮ್ಮನಿಗೆ ಮಾತ್ರ ಇವತ್ತಿಗೂ ಸಮಾಧಾನವಿಲ್ಲ, "ಅದೂ ಒಂದು ಸ್ನಾನವೇ" ಅಂತಾರೆ.

ಆಮೇಲೆ ಇದರ ಬಗ್ಗೆ ಓದಿದೆ. ನ್ಯೂಯಾರ್ಕಿನ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಗಂಡ ಹೆಂಡತಿ, ಇಬ್ಬರೂ ಮನೋವೈದ್ಯರು. 1956ರಲ್ಲಿ ಶುರುಮಾಡಿ ನೂರಕ್ಕೂ ಹೆಚ್ಚು ಮಕ್ಕಳನ್ನು ಎಳೆತನದಿಂದ ದೊಡ್ಡವರಾಗುವ ತನಕ ಗಮನಿಸಿದರು. ನೂರಕ್ಕೆ ಸುಮಾರು 40 ಮಕ್ಕಳು ಸಲೀಸು. 10 ಮಕ್ಕಳು ಸಿಡುಕು, ನಿದ್ದೆಗೂ ಹಸಿವಿಗೂ ಹೊತ್ತುಗೊತ್ತಿಲ್ಲ. 15 ಮಕ್ಕಳು ಹೊಸದಕ್ಕೆ ಹಿಂಜರಿದು ನಿಧಾನಕ್ಕೆ ಹೊಂದಿಕೊಳ್ಳುವವರು. ಉಳಿದವರು ಯಾವ ಗುಂಪಿಗೂ ಸರಿಯಾಗಿ ಸೇರುವುದಿಲ್ಲ. ನಿಮ್ಮ ಮಗ ಮೂರನೇ ಗುಂಪಿನವನ ಹಾಗೆ ಕಾಣುತ್ತಾನೆ. ಮಗುವಿನ ಗುಣಕ್ಕೂ ಮನೆಯವರು ಬಯಸುವುದಕ್ಕೂ ತಾಳೆಯಾಗದಿದ್ದಾಗ ತೊಂದರೆ ಹುಟ್ಟುತ್ತದೆ ಅನ್ನುವುದು ಅವರ ಮಾತು. ನನಗೆ ಇದು ತುಂಬಾ ಸಮಾಧಾನ ಕೊಟ್ಟಿತು. ನಾನು ಗಡಿಬಿಡಿಯವಳು, ಮಗಳು ನಿಧಾನ. ತಾಳೆಯಾಗದೇ ಇದ್ದದ್ದು ಅಲ್ಲೇ.

ಒಂದು ವಾರ ಕ್ಯಾಲೆಂಡರ್ ಮೇಲೆ ಬರೆದಿಡಿ. ಎಷ್ಟು ಹೊತ್ತಿಗೆ ಮಲಗಿದ, ಯಾವಾಗ ಹಸಿವಾಯಿತು, ಯಾವ ಸದ್ದಿಗೆ ಅತ್ತ, ಎಷ್ಟು ಹೊತ್ತಿಗೆ ಸುಮ್ಮನಾದ. ಅವನ ಒಳ್ಳೆಯ ಹೊತ್ತು ಯಾವುದು ಅಂತ ತಾನೇ ಗೊತ್ತಾಗುತ್ತದೆ. ಹೊಸದೇನಿದ್ದರೂ ಆ ಹೊತ್ತಿಗೇ ಇಟ್ಟುಕೊಳ್ಳಿ. ರಾಗಿ ಸರಿ ಉಗಿದನಾ? ಬಿಡಿ, ಎರಡು ದಿನ ಬಿಟ್ಟು ಮತ್ತೆ ಒಂದು ಚಮಚ. ಎಂಟು ಹತ್ತು ಸಲ ಕೊಟ್ಟ ಮೇಲೆ ಒಪ್ಪುವ ಮಕ್ಕಳಿದ್ದಾರೆ.

ಹಾಗಂತ ಮಿಕ್ಸಿಯನ್ನೇ ಅಟ್ಟಕ್ಕೆ ಹಾಕಬೇಡಿ. ಹೊಸದರಿಂದ ಪೂರ್ತಿ ದೂರ ಇಟ್ಟರೆ ಹಿಂಜರಿಕೆ ಜಾಸ್ತಿಯೇ ಆಗುತ್ತದೆ. ಮೊದಲು ನಿಂತ ಮಿಕ್ಸಿ ತೋರಿಸಿ. ಆಮೇಲೆ ಯಾರಾದರೂ ಅಡುಗೆಮನೆಯಲ್ಲಿ ಎರಡು ಸೆಕೆಂಡ್ ತಿರುಗಿಸಲಿ, ನೀವು ಹಾಲ್‌ನಲ್ಲಿ ಅವನನ್ನು ಎತ್ತಿಕೊಂಡಿರಿ. ದಿನಾ ಒಂದು ಹೆಜ್ಜೆ ಹತ್ತಿರ.

ಎಲ್ಲವನ್ನೂ ಜಾಯಮಾನ ಅಂತ ತಳ್ಳಿಹಾಕಲೂಬಾರದು. ಇದ್ದಕ್ಕಿದ್ದಂತೆ ಸ್ವಭಾವ ಬದಲಾಯಿತು, ಹಾಲು ಕುಡಿಯುತ್ತಿಲ್ಲ, ಜ್ವರ ಇದೆ, ಏನು ಮಾಡಿದರೂ ಅಳು ನಿಲ್ಲುತ್ತಿಲ್ಲ, ಕರೆದರೆ ತಿರುಗಿ ನೋಡಲ್ಲ ಅಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನು ಮದುವೆ. ಜನ ಸೇರುವ ಮುಂಚೆ ಛತ್ರಕ್ಕೆ ಹೋಗಿ, ಖಾಲಿ ಹಾಲ್‌ನಲ್ಲಿ ಒಂದು ಸುತ್ತು ಹಾಕಿಸಿ. ಅವನ ಹಳೇ ಹೊದಿಕೆ ಮರೆಯಬೇಡಿ. ನೆಂಟರು ಕೈಚಾಚಿದರೆ "ಈಗ ತಾನೇ ಎದ್ದಿದ್ದಾನೆ, ಸ್ವಲ್ಪ ಹೊತ್ತಾಗಲಿ" ಅನ್ನಿ. ನಿಮ್ಮ ಪಕ್ಕದಲ್ಲೇ ಕೂತು ನಿಮ್ಮ ಜೊತೆ ಮಾತಾಡಲಿ. ಹತ್ತು ಹದಿನೈದು ನಿಮಿಷ ನೋಡಿ ಅವನೇ ಅವರ ಬಳೆ ಮುಟ್ಟಲು ಹೋಗಬಹುದು. ಅತ್ತೆಗೆ ಇವತ್ತೇ, ಒಬ್ಬರೇ ಇರುವಾಗ ಹೇಳಿಬಿಡಿ. ಛತ್ರದಲ್ಲಿ ನಾಲ್ಕು ಜನರ ಮುಂದೆ ಹೇಳಿದರೆ ಅವರಿಗೂ ಮುಜುಗರ ಅಲ್ವಾ?

ಗಟ್ಟಿಮೇಳ ಒಂದೇ ಕಷ್ಟ. ಮಿಕ್ಸಿಗೇ ಬೆಚ್ಚುವವನಿಗೆ ಆ ಡೋಲು ಆಗಲ್ಲ. ನಿಮ್ಮ ಯಜಮಾನರಿಗೆ ಬಿಟ್ಟು ನೆಮ್ಮದಿಯಾಗಿರೋಣ ಅಂದುಕೊಳ್ಳಬೇಡಿ, ಹುಡುಗಿಯ ಅಣ್ಣನಿಗೆ ಅರಳು ಹಾಕುವ ಶಾಸ್ತ್ರ ಎಲ್ಲ ಇರುತ್ತದೆ. ನಿಮ್ಮ ಅಮ್ಮನಿಗೆ ಮೊದಲೇ ಹೇಳಿಟ್ಟು, ಮುಹೂರ್ತಕ್ಕೆ ಐದು ನಿಮಿಷ ಮುಂಚೆ ಮಗುವನ್ನು ಅವರ ಜೊತೆ ಹೊರಗೆ ಕಳಿಸಿ. ನೀವು ಮುಂದೆ ಕೂತು ಅಕ್ಷತೆ ಹಾಕಿ.