ದೆಗಾ ಬರೆದ ಸ್ನಾನದ ಚಿತ್ರಗಳು ಅಶ್ಲೀಲ ಅಲ್ವಾ?

ಸ್ನಾನ ಮಾಡೋ ಹೆಂಗಸರನ್ನ ಕದ್ದು ನೋಡಿ ಬರೆದ ಹಾಗಿದೆ, ಇದನ್ನ ಯಾಕಿಷ್ಟು ಹೊಗಳ್ತಾರೆ ಅಂತ ಕೇಳಿದೀರಿ. ಹಾಗೆ ಕಾಣ್ಲಿ ಅಂತಲೇ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಚಿತ್ರಕಾರ ಎಡ್ಗರ್ ದೆಗಾ ಬರೆದಿದ್ದು, ಬೀಗದ ಕಿಂಡೀಲಿ ಇಣುಕಿದ ಹಾಗೆ ಅಂತ ಅವನೇ ಹೇಳ್ತಿದ್ದನಂತೆ. ಆದ್ರೆ ಅವನು ಯಾರ ಬಚ್ಚಲಿಗೂ ಇಣುಕೋಕೆ ಹೋಗಿಲ್ಲ, ಪ್ಯಾರಿಸ್ಸಿನ ತನ್ನ ಸ್ಟುಡಿಯೋದಲ್ಲೇ ಟಬ್ಬು ಇಟ್ಟು, ದುಡ್ಡು ಕೊಟ್ಟು ಮಾಡೆಲ್‌ಗಳನ್ನ ಕೂರಿಸಿ ಬರೀತಿದ್ದ.

1886ರ 'ದಿ ಟಬ್' ನೋಡಿ, ಈಗ ಪ್ಯಾರಿಸ್ಸಿನ ಮ್ಯೂಸೇ ದೋರ್ಸೇ ಅನ್ನೋ ಮ್ಯೂಸಿಯಮ್ಮಲ್ಲಿದೆ. ಹೆಂಗಸು ತಗ್ಗು ಟಬ್ಬಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಕೈ ಕೆಳಗೆ ಊರಿ ಇನ್ನೊಂದು ಕೈಲಿ ಕತ್ತಿನ ಹಿಂದೆ ಸ್ಪಂಜು ಒತ್ಕೊಂಡಿದಾಳೆ, ಮುಖ ಸರಿಯಾಗಿ ಕಾಣೋದೇ ಇಲ್ಲ, ನಾವು ಮೇಲಿಂದ ನಿಂತು ನೋಡ್ತಿರ್ತೀವಿ. ಬಲಗಡೆ ಒಂದು ಕಟ್ಟೆ ಚಿತ್ರವನ್ನೇ ಉದ್ದಕ್ಕೆ ಸೀಳಿಬಿಟ್ಟಿದೆ, ಅದರ ಮೇಲೆ ಹೂಜಿ, ಬ್ರಷ್ಷು. ಬ್ರಷ್ಷಿನ ಹಿಡಿ ಕಟ್ಟೆ ಅಂಚು ದಾಟಿ ಹೊರಗೆ ಚಾಚಿದೆ, ತಾಗಿದ್ರೆ ಬೀಳತ್ತೆ ಅನ್ಸತ್ತೆ. ಈ ಥರ ಕತ್ತರಿಸಿದ ಹಾಗಿರೋ ಜೋಡಣೆ ಜಪಾನಿ ಮುದ್ರಣ ಚಿತ್ರಗಳಿಂದ ಕಲಿತದ್ದು. ಆ ಕಾಲದಲ್ಲಿ ಬೆತ್ತಲೆ ಹೆಂಗಸು ಅಂದ್ರೆ ವೀನಸ್ಸು, ಅಪ್ಸರೆ, ನೋಡೋರ ಕಡೆ ತಿರುಗಿ ಮೈ ಚೆಲ್ಲಿ ಮಲಗಿರಬೇಕು. ಇವಳು ನಮ್ಮನ್ನ ಲೆಕ್ಕಕ್ಕೇ ಇಟ್ಟಿಲ್ಲ, ತನ್ನ ಪಾಡಿಗೆ ಕತ್ತು ಉಜ್ಕೋತಿದಾಳೆ. ಅದೇ ವರ್ಷ ದೆಗಾ ಸೇರಿದ್ದ ಇಂಪ್ರೆಷನಿಸ್ಟ್ ಅನ್ನೋ ಚಿತ್ರಕಾರರ ಗುಂಪಿನ ಎಂಟನೇ, ಕೊನೇ ಪ್ರದರ್ಶನದಲ್ಲಿ ಇಂಥ ಸ್ನಾನದ ಚಿತ್ರಗಳ ಸಾಲನ್ನೇ ಇಟ್ಟಾಗ ಕೆಲವು ವಿಮರ್ಶಕರು ಬೈದದ್ದು ಅಶ್ಲೀಲ ಅಂತ ಮಾತ್ರ ಅಲ್ಲ, ಹೆಂಗಸರನ್ನ ಇಷ್ಟು ಕುರೂಪವಾಗಿ ತೋರಿಸಿದಾನಲ್ಲ ಅಂತ!

ನನಗೆ ಇದಕ್ಕಿಂತ ಹುಚ್ಚು ಹಿಡಿಸೋದು ಅವನು ಈ ಚಿತ್ರಗಳನ್ನ ಬರೆದ ಪೇಸ್ಟೆಲ್. ಅದು ಬಣ್ಣದ ಪುಡಿಗೆ ಚೂರು ಅಂಟು ಸೇರಿಸಿ ಮಾಡಿದ ಕಡ್ಡಿ, ಕಾಗದಕ್ಕೆ ತೀಡಿದ್ರೆ ಪುಡಿ ಮೇಲ್ಮೇಲೆ ಕೂತ್ಕೊಳತ್ತೆ, ಇನ್ನೊಂದು ಪದರ ಹಾಕಕ್ಕೆ ಹೋದ್ರೆ ಕಲಸಿ ಕೆಸರಾಗತ್ತೆ. ದೆಗಾ ನಡುನಡುವೆ ಫಿಕ್ಸೆಟಿವ್, ಅಂದ್ರೆ ಪುಡಿ ಉದುರದ ಹಾಗೆ ಹಿಡಿದಿಡೋ ದ್ರವ, ಹಾಕಿ ಪುಡೀನ ಕೂರಿಸಿ, ಅದರ ಮೇಲೆ ಬೇರೆ ಬಣ್ಣದ ಗೀರು ಎಳೀತಾ ಹೋಗ್ತಿದ್ದ. ಲಂಡನ್ ನ್ಯಾಷನಲ್ ಗ್ಯಾಲರಿಯಲ್ಲಿ ಬೆನ್ನು ತಿರುಗಿಸಿ ಕೂತು ಟವಲ್ಲಲ್ಲಿ ಕತ್ತು ಒರೆಸ್ಕೊಳ್ತಿರೋ ಹೆಂಗಸಿದಾಳಲ್ಲ, 1890ರ ದಶಕದ ಚಿತ್ರ, ಅದನ್ನ ಜೂಮ್ ಮಾಡಿ ನೋಡಿ, ಚರ್ಮ ಅನ್ಕೊಂಡಿದ್ದು ಬರೀ ಬಣ್ಣಬಣ್ಣದ ಗೀರು, ಟವಲ್ ಉಜ್ಜಿದ ರಭಸವೇ ಕಾಗದದ ಮೇಲೆ ಬಿದ್ದಂಗಿದೆ. ಜಾಗ ಸಾಲದೆ ಕಾಗದದ ತುಂಡುಗಳನ್ನ ಸೇರಿಸಿ ಸೇರಿಸಿ ಚಿತ್ರ ಬೆಳೆಸಿದಾನೆ ಬೇರೆ.

ಹಾಗಂತ ನಿಮ್ಮ ಮುಜುಗರ ಸುಳ್ಳಲ್ಲ. ನೋಡೋನು ಬಟ್ಟೆ ಹಾಕ್ಕೊಂಡು ನಿಂತಿರೋ ಗಂಡಸು, ಅವಳಿಗೆ ಹೆಸರೂ ಇಲ್ಲ, ಆ ಲೆಕ್ಕ ಸಮ ಆಗಲ್ಲ. ಅಶ್ಲೀಲ ಅಂತ ಮಾತ್ರ ನಾನು ಒಪ್ಪಲ್ಲ. ಅವನ ಸ್ನೇಹಿತೆ, ಅಮೆರಿಕದ ಚಿತ್ರಕಾರ್ತಿ ಮೇರಿ ಕಸಾಟ್ 1890-91ರಲ್ಲಿ ಮಾಡಿದ ಒಂದು ಬಣ್ಣದ ಮುದ್ರಣದಲ್ಲೂ ಹೆಂಗಸು ಬೇಸಿನ್ ಮೇಲೆ ಬಗ್ಗಿ ತೊಳ್ಕೋತಿದಾಳೆ, ಬೆನ್ನು ನಮ್ಮ ಕಡೆಗೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಿ, ಒಂದರಲ್ಲಿ ಕಸಿವಿಸಿ ಆಗಿ ಇನ್ನೊಂದರಲ್ಲಿ ಆಗ್ಲಿಲ್ಲ ಅಂದ್ರೆ ಯಾಕೆ ಅಂತ ಕಾಮೆಂಟಲ್ಲಿ ಬರೀರಿ.